ಎದುರುಮನೆಯ ಓಲೆ

ಎದುರುಮನೆಯ ವನಜಾಕ್ಷಿಯ ಕಿವಿಯಲ್ಲಿ ಕೆಂಪುಕಲ್ಲಿನ ಹೊಸ ಓಲೆ ಕಂಡಾಗಿನಿಂದ ನನ್ನ ಹೊಟ್ಟೆ ಉರಿಯುತ್ತಿತ್ತು. ಇಬ್ಬರ ಗಂಡಂದಿರಿಗೂ ಒಂದೇ ಕಾರ್ಖಾನೆ, ಒಂದೇ ಸಂಬಳ. ನಮ್ಮ ಟಿ.ವಿ. ಅವಳದಕ್ಕಿಂತ ದೊಡ್ಡದು, ಫ್ರಿಜ್ಜೂ ದೊಡ್ಡದು. ಚಿನ್ನ ಮಾತ್ರ ಅವಳ ಕಿವಿಗೆ!

ಭಾನುವಾರ ನಮ್ಮ ಬೀದಿಯ ಹೆಂಗಸರ ಚೀಟಿ. ಹಿಂದೆಮುಂದೆ ನೋಡದೆ, ಎಲ್ಲರಿಗಿಂತ ಹೆಚ್ಚು ದುಡ್ಡು ಬಿಟ್ಟುಕೊಡುತ್ತೇನೆಂದು ಕೂಗಿ ಚೀಟಿ ಎತ್ತಿಬಿಟ್ಟೆ. ನಾಳೆಯೇ ಓಲೆ ತರಬೇಕು, ಅವಳದಕ್ಕಿಂತ ದೊಡ್ಡದು.

ಆ ಧೈರ್ಯದಲ್ಲಿ ಪಕ್ಕದಲ್ಲಿ ಕೂತಿದ್ದ ಅವಳನ್ನು ಕೇಳಿದೆ.

"ಹೊಟ್ಟೆಗೆ ಸರಿಯಾಗಿ ತಿಂತೀಯೋ ಇಲ್ವೋ? ಹೆಂಗೆ ಉಳಿಸ್ದೆ?"

"ಊಟಕ್ಕೇನೂ ಕಮ್ಮಿ ಮಾಡಿಲ್ಲ ಅಕ್ಕ. ಏನಾದ್ರೂ ಕೊಳ್ಳೋ ಆಸೆಯಾದ್ರೆ, ನಿಜವಾಗ್ಲೂ ಬೇಕಾ ಅಂತ ಒಂದು ವಾರ ಯೋಚಿಸ್ತೀನಿ. ಚೀಟೀನ ಕೊನೆ ತಿಂಗಳವರೆಗೂ ಎತ್ತಲ್ಲ. ಅವಸರಕ್ಕೆ ಕೂಗ್ದೋರು ಬಿಟ್ಟ ದುಡ್ಡನ್ನ ಉಳಿದೋರಿಗೆ ಹಂಚ್ತಾರಲ್ಲ, ಅದನ್ನ ಮುಟ್ಟದೆ ಕೂಡಿಟ್ಟೆ."

"ಓಲೆ ಬರೋವಷ್ಟು ಬಿಟ್ಟುಕೊಟ್ಟ ಪೆದ್ದಿ ಯಾರೇ?"

ಅವಳು ಓಲೆ ಮುಟ್ಟಿಕೊಂಡು ಮೆಲ್ಲಗೆ ಅಂದಳು:

"ಮೊದಲು ಟಿ.ವಿ.ಗೆ, ಹೋದ ವರ್ಷ ಫ್ರಿಜ್ಜಿಗೆ ಅಂತ ನೀವೇ ಕೂಗಿದ್ರಲ್ಲ ಅಕ್ಕ. ಈ ಸಲ ಯಾತಕ್ಕೆ?"