ಕೈಯಲ್ಲಿದ್ದ ಹಗ್ಗ

ಮಂಡಿಪೇಟೆಯಲ್ಲಿ ಒಣಮೆಣಸಿನಕಾಯಿಯ ಘಾಟು ಮೂಗಿಗೆ ಬಡಿದರೆ ನನಗೆ ಈಗಲೂ ಆ ಮಧ್ಯಾಹ್ನವೇ ನೆನಪಾಗುತ್ತದೆ.

ನಮ್ಮ ದಾವಣಗೆರೆಯ ಮನೆಯ ಹಿತ್ತಿಲಲ್ಲಿ ಅಜ್ಜಿ, ಅವ್ವ ಇಬ್ಬರೂ ಒಂದೇ ಒರಳಿಗೆ ಎದುರುಬದುರು ನಿಂತು ಖಾರ ಕುಟ್ಟುತ್ತಿದ್ದರು. ಅತ್ತೆಯ ಒನಕೆ ಏರಿದಾಗ ಸೊಸೆಯದು ಇಳಿಯುತ್ತಿತ್ತು. ಮಾತು ಹಿಂದಿನ ದಿನ ನೋಡಿದ ಕಂಪನಿ ನಾಟಕಕ್ಕೆ ಹೊರಳಿತು. ಅದರಲ್ಲಿ ಅತ್ತೆ ಬಾವಿಗೆ ಬೀಳುತ್ತಾಳೆ. ಸೊಸೆ ಹಗ್ಗ ಇಳಿಬಿಡದೆ ಸುಮ್ಮನೆ ನಿಂತುಬಿಡುತ್ತಾಳೆ.

"ಕೈಯಾಗ ಹಗ್ಗ ಇಟ್ಕೊಂಡು ನಿಂತ್ಲಲ್ಲ, ಕೊಲೆಗಾರ್ತಿ ಆಕಿ!" ಎಂದಳು ಅಜ್ಜಿ.

"ಆ ಅತ್ತಿ ಮೊದ್ಲು ಏನೇನ್ ಮಾಡಿದ್ಲು, ಅದನ್ನ ನೋಡ್ಲಿಲ್ಲೇನ್ರಿ?"

ಅವ್ವ ಅಜ್ಜಿಗೆ ಎದುರಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಏನರ ಮಾಡಿರ್ಲಿ, ಜೀವ ಅಲ್ಲೇನೇ ಅದು?"

"ನಮ್ಮವ್ವಂದೂ ಜೀವನೇ ಆಗಿತ್ರಿ."

ಹಿಂದಿನ ವರ್ಷ ಇದೇ ಕೆಲಸದ ನಡುವೆ, ತಾಯಿ ಉಳಿಯುವಂತಿಲ್ಲ, ಮಗಳನ್ನು ಕೂಡಲೇ ಕಳಿಸಿ ಎಂದು ಹರಿಹರದಿಂದ ಹೇಳಿಕಳಿಸಿದ್ದರು. ಖಾರ ಕುಟ್ಟಿ ಮುಗಿಯುವ ತನಕ ಅಜ್ಜಿ ಬಾಯಿ ಬಿಡಲಿಲ್ಲ. ಒಂಬತ್ತೇ ಮೈಲಿ ದೂರದ ತವರಿಗೆ ಅವ್ವ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು.

ಅವ್ವನ ಒನಕೆ ಧಡ್ ಎಂದು ಬಿತ್ತು. ಖಾರ ಎಗರಿ ಅಜ್ಜಿಯ ಎರಡೂ ಕಣ್ಣಿಗೆ ಬಿತ್ತು.

"ಅಯ್ಯಯ್ಯೋ, ನೀರು ಕೊಡ್ರೇ!" ಅಜ್ಜಿ ಕುಸಿದು ಕೂತು ಕೈ ಚಾಚಿದಳು.

ಅವ್ವ ಚೊಂಬಿನ ತುಂಬ ನೀರು ಮೊಗೆದಳು. ಮೊಗೆದು, ಎರಡೂ ಕೈಯಲ್ಲಿ ಹಿಡಿದುಕೊಂಡು, ನೋಡುತ್ತಾ ನಿಂತಳು.

ನೀರಿನ ಹಂಡೆ ನನ್ನ ಪಕ್ಕದಲ್ಲೇ ಇತ್ತು. ಘಾಟು ತಾಗದಿರಲೆಂದು ಅಜ್ಜಿಯೇ ಬಾಯಿಗಿಟ್ಟಿದ್ದ ಬೆಲ್ಲವನ್ನು ಚೀಪುತ್ತಾ ನಾನೂ ಕೂತೇ ಇದ್ದೆ.