ಬೇರು ಬಿಟ್ಟಿತಾ?

ಬೆಳಗ್ಗೆ ಎದ್ದು ಬಂದು ಸೊಸೆ ನೋಡಿದರೆ, ಗಾಜಿನ ತೊಟ್ಟಿಯಲ್ಲಿ ನೆಟ್ಟಿದ್ದ ಗಿಡಗಳಲ್ಲಿ ಎರಡು ಮತ್ತೆ ಬೇರು ಮೇಲೆ ಮಾಡಿಕೊಂಡು ತೇಲುತ್ತಿದ್ದವು. ಮೀನು ಕಿತ್ತಿರಬೇಕು ಎನ್ನೋಣವೆಂದರೆ ತೊಟ್ಟಿಯಲ್ಲಿ ಇನ್ನೂ ಮೀನೇ ಇಲ್ಲ. ಮೊದಲು ಗಿಡ ಬೇರೂರಲಿ, ನೀರು ಹದಕ್ಕೆ ಬರಲಿ, ಆಮೇಲೆ ಮೀನು ಎಂದು ಅಂಗಡಿಯವನು ಹೇಳಿ ಕಳಿಸಿದ್ದ.

"ಮತ್ತೆ ಎದ್ದು ಬಂದ್ವಾ?" ಅತ್ತೆ ಅಡುಗೆಮನೆಯಿಂದಲೇ ಕೇಳಿದರು. "ಆ ಅಂಗಡಿಯವನು ನಿನಗೆ ಟೋಪಿ ಹಾಕಿದಾನೆ. ಮುಖ ನೋಡಿದ್ರೇ ಗೊತ್ತಾಗುತ್ತೆ."

"ನೀವು ಅವನ ಮುಖಾನೇ ನೋಡಿಲ್ವಲ್ಲ ಅತ್ತೆ."

"ಗಿಡದ ಮುಖ ನೋಡಿದೀನಲ್ಲ, ಸಾಕು. ಈ ಸಲಾನೂ ನಿಲ್ಲಲಿಲ್ಲ ಅಂದ್ರೆ ನನ್ನ ಈರುಳ್ಳಿ ವಾಪಸ್ ಬರುತ್ತೆ, ಹೇಳಿದೀನಿ."

ತೊಟ್ಟಿ ತಂದವನು ಅವಳ ಗಂಡ. ಮರಳು ತೊಳೆದು ಹರಡಿದ್ದ, ದೀಪ ಜೋಡಿಸಿದ್ದ. ಗಿಡ ತರುವ ಮೊದಲೇ ತೀರಿಹೋದ. ಅಂದಿನಿಂದ ಅದರಲ್ಲಿ ಈರುಳ್ಳಿ ಇತ್ತು. ಒಣ ಮರಳಿನ ಮೇಲೆ ಈರುಳ್ಳಿ ಕೊಳೆಯುವುದಿಲ್ಲವೆಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಅವನು ಅರ್ಧಕ್ಕೆ ಬಿಟ್ಟ ಕೆಲಸಗಳಲ್ಲಿ ಇದೊಂದಾದರೂ ಮುಗಿಯಲಿ ಎಂದು ಸೊಸೆಯ ಆಸೆ. ಉದ್ದನೆಯ ಚಿಮುಟದಿಂದ ಗಿಡಗಳನ್ನು ಮತ್ತೆ ಮರಳಿಗೆ ಒತ್ತಿದಳು.

ಅಷ್ಟರಲ್ಲಿ ಎಂದಿನಂತೆ ಅತ್ತೆಯ ತಂಗಿಯ ಫೋನು. "ಹೇಗಿದೀಯಮ್ಮ? ಸ್ವಲ್ಪ ಪರವಾಗಿಲ್ವಾ? ನಿದ್ದೆ ಬರುತ್ತಾ? ನಿಜ ಹೇಳು." ಸೊಸೆ ನಿಜ ಹೇಳಲು ಪ್ರಯತ್ನಿಸಿದಳು. ಫೋನ್ ಬರುವವರೆಗೆ ಚೆನ್ನಾಗಿಯೇ ಇದ್ದವಳು, ಇಟ್ಟ ಮೇಲೆ ಮಧ್ಯಾಹ್ನದವರೆಗೂ ಕುರ್ಚಿ ಬಿಟ್ಟೇಳಲಿಲ್ಲ.

ಮರುದಿನ ಅವಳಿಗೆ ಬೇಗ ಎಚ್ಚರವಾಯಿತು. ಹೊರಗೆ ಬಂದರೆ, ತೊಟ್ಟಿಯ ಮುಂದೆ ಅತ್ತೆ. ಕೈ ಮೊಣಕೈವರೆಗೂ ನೀರಿನಲ್ಲಿ. ಒಂದೊಂದೇ ಗಿಡವನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡುತ್ತಿದ್ದಾರೆ.

"ಅತ್ತೆ!"

ಅತ್ತೆ ಬೆಚ್ಚಿಬಿದ್ದರು. ಹಿಡಿದಿದ್ದ ಗಿಡ ಕೈಗೇ ಬಂತು.

"ಬೇರು ಬಿಟ್ಟಿತಾ ಅಂತ ನೋಡ್ತಿದ್ದೆ ಅಷ್ಟೆ."

"ದಿನಾ ನೋಡ್ತೀರಾ?"

"ಮತ್ತೆ? ನೆಟ್ಟ ಮೇಲೆ ವಿಚಾರಿಸ್ಕೊಬೇಡ್ವಾ? ಕುಂಡದ ಗಿಡಗಳನ್ನೂ ನಾನು ಹೀಗೇ ನೋಡೋದು."

"ಅದಕ್ಕೇ ನಿಮ್ಮ ಕುಂಡಗಳಲ್ಲಿ ಬರೀ ಮಣ್ಣಿರೋದು." ಸೊಸೆಯ ದನಿ ಅವಳಿಗೇ ಗೊತ್ತಿಲ್ಲದೆ ಏರಿತ್ತು. "ಹೀಗೆ ದಿನಾ ಎಳೆದು ನೋಡ್ತಿದ್ರೆ ಅದು ಬೇರು ಬಿಡೋದು ಯಾವಾಗ ಅತ್ತೆ?"

ಫೋನು ಬಡಿದುಕೊಳ್ಳತೊಡಗಿತು. ಸೊಸೆ ಫೋನಿಗೆ ಕೈ ಚಾಚಿದಳು. ಅತ್ತೆ ಒಮ್ಮೆ ತಮ್ಮ ಕೈಲಿದ್ದ ಗಿಡವನ್ನೂ ಒಮ್ಮೆ ಅವಳ ಮುಖವನ್ನೂ ನೋಡಿದರು. ಗಿಡವನ್ನು ಅವಳ ಕೈಗಿತ್ತು ಫೋನನ್ನು ತಾವೇ ಎತ್ತಿಕೊಂಡರು.

"ಇಲ್ಲ, ಅವಳಿಗೆ ಕೊಡಲ್ಲ... ಹುಷಾರಾಗೇ ಇದಾಳೆ, ನನ್ನನ್ನೇ ಬೈತಿದಾಳೆ... ದಿನಾ ಹಿಂಗೆ ಎಳೆದು ಎಳೆದು ನೋಡಿದ್ರೆ ಹೆಂಗೆ?... ಏನನ್ನಾ? ಗಿಡಾನ ಕಣೇ!... ಮೀನು ಬಂದ ಮೇಲೆ ನಾನೇ ಫೋನ್ ಮಾಡ್ತೀನಿ. ಅಲ್ಲೀವರೆಗೂ ನಿನ್ನ ಸೊಸೇನ ವಿಚಾರಿಸ್ಕೊ."

ಸೊಸೆ ಚಿಮುಟದಿಂದ ಗಿಡ ನೆಟ್ಟು ಬೆರಳಿಂದ ಮರಳು ಸರಿಮಾಡಿ ಕೈ ಒರೆಸಿಕೊಂಡಳು. ಅತ್ತೆ ಫೋನಿಟ್ಟು ಬಂದು ಪಕ್ಕದಲ್ಲಿ ನಿಂತರು.

"ಈರುಳ್ಳಿಗೊಂದು ಬುಟ್ಟಿ ತರ್ಬೇಕು," ಎಂದರು.

ಸೊಸೆ ಚಿಮುಟ ಒಳಗಿಟ್ಟು ಬರುವಷ್ಟರಲ್ಲಿ ಅತ್ತೆ ಗೋಡೆಗೊರಗಿ, ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಸೂರು ನೋಡುತ್ತ ನಿಂತಿದ್ದರು. ಬೆನ್ನ ಹಿಂದಿನಿಂದ ನೀರು ತೊಟ್ಟಿಕ್ಕುತ್ತಿತ್ತು.