ನಾಳೆನೂ ಬರ್ರಿ

ಏಳನೆಯ ತರಗತಿಯ ಹುಡುಗಿಯರು ಮಧ್ಯಾಹ್ನ ಊಟವಾದೊಡನೆ ಮನೆಗೆ ಹೋಗುತ್ತಾರೆ, ಮರಳಿ ಬರುವುದಿಲ್ಲ. ಹೀಗೇ ಆದರೆ ಮುಂದಿನ ವರ್ಷ ಆ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಆ ತರಗತಿಯೇ ಉಳಿಯದು. ವಿಚಾರಿಸಲು ತಾಲ್ಲೂಕಿನಿಂದ ಶಿಕ್ಷಣಾಧಿಕಾರಿ ಬಂದಿದ್ದರು.

"ಹೇಳಾಕ ನಾಚಿಕಿ ಆಗ್ತದರಿ ಮೇಡಂ," ಹೆಡ್‌ಮಾಸ್ತರರು ತಲೆ ತಗ್ಗಿಸಿದರು. "ಅವಕ್ಕ ಓದಿನ ಮ್ಯಾಲೆ ಮನಸ್ಸ ಇಲ್ಲ. ನಾವರ ಸಾಲಿ ಗುಡಿ ಇಟ್ಟಂಗ ಇಟ್ಟೀವಿ. ಬರ್ರಿ, ನೋಡ್ರಿ."

ಅಂಗಳದಲ್ಲಿ ಒಂದು ಕಸಕಡ್ಡಿಯೂ ಇರಲಿಲ್ಲ. ಹುಡುಗಿಯರ ಶೌಚಾಲಯದ ಟೈಲ್ಸ್ ಫಳಫಳ ಹೊಳೆಯುತ್ತಿದ್ದವು.

"ಕಟ್ಟಿಸಿ ಮೂರು ವರ್ಷ ಆತ್ರಿ. ಒಂದು ಕಲೆ ಬಿದ್ದಿಲ್ಲ," ಎಂದರು ಶಾಲಾ ಸಮಿತಿಯ ಅಧ್ಯಕ್ಷರು. ಅಧಿಕಾರಿ ಮೆಚ್ಚಿ ತಲೆದೂಗಿದರು.

ಊಟದ ಗಂಟೆ ಹೊಡೆಯಿತು. ಆ ದಿನ ಊಟ ಮುಗಿದ ಮೇಲೂ ಒಬ್ಬ ಹುಡುಗಿಯೂ ಮನೆಯ ದಾರಿ ಹಿಡಿಯಲಿಲ್ಲ. ಎಲ್ಲರೂ ಕುಳಿತು ಪಾಠ ಕೇಳಿದರು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು, ಕೊನೆಗೆ ಶಾರದೆಯ ಸ್ತುತಿಯನ್ನೂ ಹಾಡಿದರು.

"ಏನ್ ಕಾಲ್ಗುಣರಿ ನಿಮ್ಮದು!" ಎಂದು ಅಧ್ಯಕ್ಷರು ಕೈಮುಗಿದರು. "ಇವರ ಅವ್ವ-ಅಪ್ಪ ಹೇಳಿದ್ರ ಕೇಳಲಾರದವು, ನಿಮ್ಮ ಮಾರಿ ನೋಡಿ ಕುಂತಾವ."

ಸಂಜೆ ಜೀಪು ಹತ್ತುವಾಗ ಹುಡುಗಿಯರೆಲ್ಲ ಅಧಿಕಾರಿಯನ್ನು ಸುತ್ತುವರಿದರು.

"ಅಕ್ಕಾರ, ನಾಳೆನೂ ಬರ್ರಿ! ದಿನಾ ಬರ್ರಿ!"

ಆಕೆಯ ಕಣ್ಣು ತುಂಬಿ ಬಂತು. ಮುಂದೆ ನಿಂತವಳ ಗಲ್ಲ ಸವರಿದರು.

"ಒಂದ ದಿನಕ್ಕ ನನ್ನ ಮ್ಯಾಲೆ ಇಷ್ಟು ಪ್ರೀತಿ ಬಂತೇನವಾ?"

ಹುಡುಗಿ ನಾಚಿ ನೆಲ ನೋಡಿದಳು.

"ನೀವು ಬಂದ್ರ ಅಷ್ಟ ಪಾಯಖಾನಿ ಕೀಲಿ ತಗೀತಾರ್ರಿ, ಅಕ್ಕಾರ."